ಖಾಲಿ ಹಲಗೆಗೆ ಮೂರು ಉತ್ತರ

ಅಂಧರ ಗ್ರಂಥಾಲಯದಲ್ಲಿ, ಮೆಟ್ಟಿಲ ಕೆಳಗೆ, ಕಿಟಕಿಯಿಲ್ಲದ ಒಂದು ಕೋಣೆಯಿದೆ. ಅಲ್ಲಿ ಮೊದಲು ಟೆಲಿಫೋನ್ ಬೋರ್ಡ್ ಇತ್ತು, ಬೋರ್ಡಿನ ಮುಂದೆ ತಂತಿಯಕ್ಕ ಇದ್ದಳು. ಒಂದು ತೂತಿನಿಂದ ತಂತಿ ಕಿತ್ತು ಇನ್ನೊಂದಕ್ಕೆ ಚುಚ್ಚಿ 'ಮಾತಾಡಿ' ಎನ್ನುವುದು ಅವಳ ಕೆಲಸ. ಹದಿನಾರು ವರ್ಷ ಅದನ್ನೇ ಮಾಡಿದಳು. ಆಮೇಲೆ ಮಾತಾಡುವವರೇ ನಂಬರು ಒತ್ತಿಕೊಳ್ಳುವ ಕಾಲ ಬಂತು. ನಾಲ್ಕು ಜನ ಬಂದು ಬೋರ್ಡನ್ನು ಹೊತ್ತುಕೊಂಡು ಹೋದರು. ಅವಳನ್ನು ಹೊತ್ತೊಯ್ಯಲು ಯಾರಿಗೂ ಆದೇಶ ಬಂದಿರಲಿಲ್ಲವಾದ್ದರಿಂದ ಅವಳು ಅಲ್ಲೇ ಉಳಿದಳು. ಆರು ತಿಂಗಳಾದ ಮೇಲೆ ಅದೇ ಕೋಣೆಗೆ ಸರ್ವರ್ ಎಂಬ ಹೆಸರಿನ ಒಂದು ಕಂಪ್ಯೂಟರ್ ಬಂತು. ಕೋಣೆಯ ಜೊತೆಗೆ ಸಿಕ್ಕ ಸಾಮಾನು ಎಂಬಂತೆ ಅವಳನ್ನೂ ಅದರ ಲೆಕ್ಕಕ್ಕೇ ಸೇರಿಸಿದರು.

ಆ ಸರ್ವರ್ ಸುದ್ದಿಹಲಗೆಗಳನ್ನು ನೋಡಿಕೊಳ್ಳುತ್ತಿತ್ತು. ಕೊನೆಯೇ ಕಾಣದ ಒಂದು ಪಡಸಾಲೆ, ಅದರ ಗೋಡೆಯುದ್ದಕ್ಕೂ ಹಲಗೆಗಳು, ಒಂದೊಂದು ಹಲಗೆಗೆ ಒಂದೊಂದು ವಿಷಯ: ರೇಡಿಯೊ, ಚದುರಂಗ, ಮಂಡಿನೋವು. ಯಾರು ಬೇಕಾದರೂ ಬಂದು ಬರೆಯಬಹುದು. ಬರೆದದ್ದಕ್ಕೆ ಯಂತ್ರ ಒಂದು ಸಂಖ್ಯೆ ಕೊಡುತ್ತದೆ, ಒಂದು ಪ್ರತಿಯನ್ನು ಪಕ್ಕದ ಊರಿನ ಯಂತ್ರಕ್ಕೆ ದಾಟಿಸುತ್ತದೆ, ಅದು ಮತ್ತೊಂದಕ್ಕೆ. ಬೆಳಿಗ್ಗೆ ಇಲ್ಲಿ ಬರೆದ ಮಂಡಿನೋವು ಸಂಜೆಗೆ ಸಮುದ್ರದಾಚೆ ಕೇಳಿಸುತ್ತದೆ. ಇದಕ್ಕೆಲ್ಲ ಯಜಮಾನರು ಯಾರೆಂದು ತಂತಿಯಕ್ಕ ಕೇಳಿದಳು. ಯಾರೂ ಇಲ್ಲ ಎಂದರು. ಹೆಡ್ಡಾಫೀಸು ಎಲ್ಲಿ ಎಂದಳು. ಅದೂ ಇಲ್ಲ. ಯಜಮಾನನಿಲ್ಲದೆ ಬಾಗಿಲು ತೆರೆದಿರುವ ಅಂಗಡಿಯನ್ನು ಅವಳು ಅದುವರೆಗೆ ಕಂಡಿರಲಿಲ್ಲ. ಆ ದಿನವೆಲ್ಲ ಯಂತ್ರದ ಮುಂದೆ ಕುಳಿತು, ಅದರ ಹಸಿರು ದೀಪ ಮಿಣುಕುವುದನ್ನೇ ನೋಡಿದಳು.

ಗ್ರಂಥಾಲಯಕ್ಕೆಂದೇ ಒಂದು ಹಲಗೆಯಿತ್ತು. ಓದುಗರು ಮೂವತ್ತೊಂದು ಜನ, ಎಲ್ಲರೂ ಕಣ್ಣಿಲ್ಲದವರು, ಹೆಚ್ಚಿನವರು ವಯಸ್ಸಾದವರು. ಹಲಗೆಯನ್ನು ಅವರಿಗೆ ಓದಿ ಹೇಳುವ ಪ್ರೋಗ್ರಾಮನ್ನು ಬರೆದವನು ತಂತಿಯಕ್ಕನ ಸೋದರಮಾವ. ಅವನ ಕಸುಬು ರೇಡಿಯೊ ರಿಪೇರಿ, ಅವನಿಗೂ ಕಣ್ಣಿರಲಿಲ್ಲ. ನಾಲ್ಕೇ ಕೀಲಿಗಳಲ್ಲಿ ಎಲ್ಲ ಕೆಲಸ ಆಗುವಂತೆ ಮಾಡಿದ್ದ. ಒಂದನ್ನು ಒತ್ತಿದರೆ ತಗಡಿನ ದನಿಯೊಂದು, 'ಮೊದಲನೆಯದು ಇದೆ, ಅದರ ಹಿಂದೆ ಇನ್ನು ಹನ್ನೊಂದು' ಎಂದು ಹೇಳಿ ಓದಲು ಶುರುಮಾಡುತ್ತಿತ್ತು. ಮಾವ ತೀರಿಕೊಂಡ ಮೇಲೆ, ಅವನು ಬರೆದ ಮೂಲ, ಅಂದರೆ ಬಿಚ್ಚಿ ತಿದ್ದಲು ಬರುವ ಪ್ರತಿ, ಎಲ್ಲಿದೆಯೆಂದು ಹುಡುಕಿದರೆ, ಅದಿದ್ದ ಫ್ಲಾಪಿಯ ಮೇಲೆ ಅತ್ತೆ ಎರಡು ತಿಂಗಳಿಂದ ಬಿಸಿ ಪಾತ್ರೆ ಇಳಿಸುತ್ತಿದ್ದಳು.

ತಂತಿಯಕ್ಕನ ಗಂಡನದು ಬೀಗ ರಿಪೇರಿಯ ಅಂಗಡಿ. ಅವನು ಫ್ಲಾಪಿಯನ್ನು ಬೆಳಕಿಗೆ ಹಿಡಿದು ನೋಡಿ, ತೀರ್ಪು ಕೊಟ್ಟ. "ನಿಮ್ಮ ಮಾವನ ಬೀಗ ಕೆಲಸ ಮಾಡುತ್ತೆ ಕಣೇ. ಆದ್ರೆ ಇನ್ಮೇಲೆ ಅದನ್ನ ಬಿಚ್ಚಿ ನೋಡೋಕಾಗಲ್ಲ. ಇರೋ ಹಾಗೇ ಇಟ್ಕೊಂಡು ಬಾಳಬೇಕು."

ಇಲ್ಲಿ ಒಂದು ಸಣ್ಣ ಲೆಕ್ಕವನ್ನು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಪ್ರೋಗ್ರಾಮು ಸರ್ವರನ್ನು, 'ಈ ಹಲಗೆಯಲ್ಲಿ ಏನಿದೆ?' ಎಂದು ಕೇಳಿದಾಗ ಸರ್ವರ್ ಮೂರು ಸಂಖ್ಯೆ ಹೇಳುತ್ತದೆ: ಒಟ್ಟು ಎಷ್ಟು, ಮೊದಲನೆಯದರ ಸಂಖ್ಯೆ, ಕೊನೆಯದರ ಸಂಖ್ಯೆ. ಹನ್ನೆರಡು, ನೂರ ಒಂದು, ನೂರ ಹನ್ನೆರಡು. ಸರಿ. ಹದಿನೈದು ದಿನ ಹಳತಾದ ಬರಹವನ್ನು ಯಂತ್ರ ಗುಡಿಸಿ ಹಾಕುತ್ತದೆ. ರಜೆಯ ದಿನಗಳಲ್ಲಿ ಯಾರೂ ಬರೆಯದೆ ಹೋದರೆ ಹಲಗೆ ಖಾಲಿ. ಖಾಲಿ ಹಲಗೆಯ ಮೊದಲನೆಯದು ಯಾವುದು, ಕೊನೆಯದು ಯಾವುದು? ಮಾವನ ಕಾಲದ ಸರ್ವರ್ ಮೂರಕ್ಕೂ ಸೊನ್ನೆ ಎನ್ನುತ್ತಿತ್ತು. ಪ್ರೋಗ್ರಾಮು ಅದನ್ನು ಕೇಳಿ, 'ಏನೂ ಇಲ್ಲ' ಎಂದು ಹೇಳಿ ಸುಮ್ಮನಾಗುತ್ತಿತ್ತು.

ಮಾವ ಸತ್ತ ವರ್ಷ ಸರ್ವರಿಗೆ ಹೊಸ ತಂತ್ರಾಂಶ ಬಂತು. ಅದು ಬಲು ಅಚ್ಚುಕಟ್ಟಿನದು. ಖಾಲಿ ಹಲಗೆಗೆ, 'ಒಟ್ಟು ಸೊನ್ನೆ, ಮೊದಲನೆಯದು ನೂರ ಹದಿಮೂರು, ಕೊನೆಯದು ನೂರ ಹನ್ನೆರಡು' ಎನ್ನುತ್ತಿತ್ತು. ಕೊನೆಯದು ಮೊದಲನೆಯದಕ್ಕಿಂತ ಒಂದು ಕಡಿಮೆ. ಕೇಳುವುದಕ್ಕೆ ತಿಕ್ಕಲುತನ, ಆದರೆ ಅದರಲ್ಲಿ ಜಾಣತನವಿತ್ತು: ಈಗ ಏನೂ ಇಲ್ಲ, ಮುಂದೆ ಬರುವುದು ನೂರ ಹದಿಮೂರು, ಎಣಿಕೆ ತಪ್ಪಿಲ್ಲ. ಪಾಪ, ಮಾವ ಇಂಥದ್ದೊಂದು ಉತ್ತರ ಬಂದೀತೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಅವನ ಪ್ರೋಗ್ರಾಮು ಕೊನೆಯದರಲ್ಲಿ ಮೊದಲನೆಯದನ್ನು ಕಳೆಯಿತು. ಸೊನ್ನೆಗಿಂತ ಒಂದು ಕೆಳಗೆ ಹೋಯಿತು. ಸೊನ್ನೆಯ ಕೆಳಗೆ ಎಣಿಸಲು ಅದಕ್ಕೆ ಬರುತ್ತಿರಲಿಲ್ಲ. ಗಾಡಿಯ ಮೀಟರನ್ನು ಸೊನ್ನೆಯಿಂದ ಹಿಂದಕ್ಕೆ ತಿರುಗಿಸಿದರೆ ಎಲ್ಲ ಒಂಬತ್ತಾಗುವಂತೆ, ತನಗೆ ಗೊತ್ತಿದ್ದ ಅತಿದೊಡ್ಡ ಸಂಖ್ಯೆಗೆ ಜಿಗಿಯಿತು.

ಬೆಳಿಗ್ಗೆ ಹತ್ತು ಗಂಟೆಗೆ ಓದುಗರಲ್ಲಿ ಹಿರಿಯರಾದ ತಕ್ಕಡಿ ಅಜ್ಜ ಕೋಲು ಕುಟ್ಟುತ್ತ ಮೆಟ್ಟಿಲ ಕೆಳಗೆ ಬಂದರು. ಕಣ್ಣಿದ್ದ ಕಾಲದಲ್ಲಿ ಅವರು ಲಾರಿಗಳನ್ನು ತೂಗುವ ಕಟ್ಟೆಯಲ್ಲಿ ಗುಮಾಸ್ತರಾಗಿದ್ದವರು, ಸಂಖ್ಯೆಯೆಂದರೆ ಕಿವಿ ನೆಟ್ಟಗಾಗುತ್ತದೆ. ಮೊದಲನೆಯದರ ಹಿಂದೆ ಇನ್ನು ನಾನೂರ ಇಪ್ಪತ್ತೊಂಬತ್ತು ಕೋಟಿ ನಲವತ್ತೊಂಬತ್ತು ಲಕ್ಷ ಅರವತ್ತೇಳು ಸಾವಿರದ ಇನ್ನೂರ ತೊಂಬತ್ತೈದು ಇವೆ ಎಂದು ಯಂತ್ರ ಹೇಳಿತಂತೆ, ಆಮೇಲೆ ಒಂದೊಂದನ್ನೇ ಹುಡುಕಿ, 'ಸಿಗಲಿಲ್ಲ, ಸಿಗಲಿಲ್ಲ' ಎನ್ನುತ್ತ ಕುಳಿತಿದೆಯಂತೆ.

"ಮಗಳೇ, ಭೂಮಿ ಮೇಲಿರೋ ಮೂರು ಜನದಲ್ಲಿ ಇಬ್ಬರು ನಮಗೆ ಕಾಗದ ಬರೆದಿದಾರೆ," ಎಂದರು ಅಜ್ಜ. "ಉತ್ತರ ಬರೆಯೋಕೆ ಈಗ್ಲೇ ಕೂತ್ಕೊಳ್ಲಾ, ಮಿಕ್ಕೋರದ್ದೂ ಬರ್ಲಿ ಅಂತ ಕಾಯ್ಲಾ?"

ಪ್ರೋಗ್ರಾಮನ್ನು ಮುಟ್ಟುವಂತಿಲ್ಲ. ಆದ್ದರಿಂದ ತಂತಿಯಕ್ಕ ಸರ್ವರಿಗೆ ಕೈಹಾಕಿದಳು. ಅದರ ಮೂಲ ಎಲ್ಲರಿಗೂ ಸಿಗುತ್ತಿತ್ತು. ನಿಘಂಟು ಪಕ್ಕದಲ್ಲಿಟ್ಟುಕೊಂಡು ಹನ್ನೊಂದು ದಿನ ಓದಿದಳು, ಒಂದು ಸಾಲು ಬದಲಿಸಿದಳು. ಖಾಲಿಯಾದರೆ ಮೂರೂ ಸೊನ್ನೆ. ತಗಡಿನ ದನಿ ಮತ್ತೆ 'ಏನೂ ಇಲ್ಲ' ಎಂದಿತು. ತನ್ನ ಬೆನ್ನನ್ನು ತಾನೇ ತಟ್ಟಿಕೊಂಡಳು.

ಬೆನ್ನು ತಟ್ಟಿಕೊಂಡದ್ದು ಬೇಗವಾಯಿತು. ಸೊನ್ನೆಯನ್ನು ಅವಳು ಬಾಯಿಮಾತಿನಲ್ಲಿ ಹೇಳಿಸುವ ಬದಲು ಯಂತ್ರದ ನೆನಪಿನೊಳಗೇ ಬರೆಸಿಬಿಟ್ಟಿದ್ದಳು. ಹಲಗೆ ಖಾಲಿಯಾದ ಮೇಲೆ ಬಂದ ಹೊಸ ಬರಹಕ್ಕೆ ನೂರ ಹದಿಮೂರರ ಬದಲು ಒಂದು ಎಂಬ ಸಂಖ್ಯೆ ಬಿತ್ತು. ಒಂದನ್ನು ಎಲ್ಲರೂ ಹಿಂದೆಂದೋ ಓದಿ ಮುಗಿಸಿದ್ದರು. ಆದ್ದರಿಂದ ಮೂವತ್ತೊಂದು ಮನೆಗಳಲ್ಲೂ ಪ್ರೋಗ್ರಾಮು ಅದನ್ನು ಓದಿದ ಲೆಕ್ಕಕ್ಕೆ ಸೇರಿಸಿ ಬಾಯಿ ಮುಚ್ಚಿಕೊಂಡಿತು. ಆ ಬರಹ ತಕ್ಕಡಿ ಅಜ್ಜನದು. ಅವರ ಹೆಂಡತಿ ತೀರಿಕೊಂಡಿದ್ದರು, ಅದನ್ನೇ ಎರಡು ಸಾಲಿನಲ್ಲಿ ಬರೆದಿದ್ದರು. ಮೂರು ವಾರ ಯಾರಿಂದಲೂ ಒಂದು ಮಾತು ಬರಲಿಲ್ಲ. ಇಪ್ಪತ್ತು ವರ್ಷದ ಸ್ನೇಹಿತರು ಯಾಕೆ ಹೀಗೆ ಸುಮ್ಮನಾದರೆಂದು ಅಜ್ಜ ಯಾರನ್ನೂ ಕೇಳಲಿಲ್ಲ.

ತಪ್ಪು ಗೊತ್ತಾದ ದಿನ ತಂತಿಯಕ್ಕ ಅವರ ಮನೆಗೇ ಹೋಗಿ ಎಲ್ಲವನ್ನೂ ಹೇಳಿದಳು. ಅಜ್ಜ ಕೋಲಿನ ಹಿಡಿಯನ್ನು ಸವರುತ್ತ ಕೇಳಿಸಿಕೊಂಡರು.

"ನಾನು ಕಟ್ಟೇಲಿದ್ದಾಗ ಒಂದು ಲಾರೀನ ಮೂರು ವರ್ಷ ಡ್ರೈವರು ಕ್ಲೀನರ ಸಮೇತ ತೂಗಿದೀನಿ," ಎಂದರು. "ನಾನಾಗಿ ಯಾರಿಗೂ ಹೇಳ್ಲಿಲ್ಲ. ನೀನು ಮೂರೇ ವಾರಕ್ಕೆ ಬಂದು ಹೇಳ್ದೆ. ಹೋಗು, ಸರಿಮಾಡು."

ಸರಿಮಾಡಿದಳು. ಈಗ ಸರ್ವರ್ ಬಾಯಲ್ಲಿ ಸೊನ್ನೆ ಎನ್ನುತ್ತಿತ್ತು, ಹೊಟ್ಟೆಯೊಳಗೆ ನೂರ ಹದಿಮೂರನ್ನು ಇಟ್ಟುಕೊಂಡಿರುತ್ತಿತ್ತು. ನಾಲ್ಕು ವರ್ಷ ನಿರಾಳವಾಗಿ ನಡೆಯಿತು.

ಐದನೆಯ ವರ್ಷ ಮೇಲಿನವರು ಒಂದು ತೀರ್ಮಾನ ಮಾಡಿದರು. ಹದಿನಾಲ್ಕು ಗ್ರಂಥಾಲಯಗಳ ಸರ್ವರುಗಳನ್ನೂ ತೆಗೆದು, ಹೊರಗಿನ ಗುತ್ತಿಗೆದಾರರ ಒಂದೇ ದೊಡ್ಡ ಸರ್ವರಿಗೆ ಸೇರಿಸುವುದು. ಗುತ್ತಿಗೆದಾರರ ಕಡೆಯವರು ಬಂದು ನೋಡಿ ಹೋದರು. ತಂತಿಯಕ್ಕ ತನ್ನ ಒಂದು ಸಾಲಿನ ವಿಷಯ ಎತ್ತಿದಳು. ಅವರು ಕೆಟ್ಟವರೇನಲ್ಲ, ನಗುತ್ತಲೇ ಹೇಳಿದರು. "ನೋಡಿಯಮ್ಮ, ನಾವು ಮಾನದಂಡದಲ್ಲಿ ಏನಿದೆಯೋ ಅದನ್ನ ಮಾಡ್ತೀವಿ. ಒಬ್ಬೊಬ್ಬರ ಮನೆಗೆ ಒಂದೊಂದು ಸಾಲು ಬರೆಯೋಕಾಗಲ್ಲ. ಹಳೇ ಮಾನದಂಡಾನ ಈಗ ತಿದ್ದುತಾ ಇದಾರೆ, ಅದು ಅಚ್ಚಾದ ಮೇಲೇನೇ ನಾವು ಎಲ್ಲಾನೂ ಸೇರಿಸೋದು. ಅದರಲ್ಲಿ ಸೊನ್ನೆ ಇದ್ರೆ ಸೊನ್ನೆ, ಇಲ್ದಿದ್ರೆ ಇಲ್ಲ."

ಅದರಲ್ಲಿ ಏನಿದೆಯೆಂದು ಅವಳು ಅಂದೇ ಹುಡುಕಿ ಓದಿದಳು. ಸುದ್ದಿಹಲಗೆಯ ಯಂತ್ರಗಳು ಒಂದನ್ನೊಂದು ಹೇಗೆ ಮಾತಾಡಿಸಬೇಕು ಎಂಬ ನಿಯಮಗಳ ಪುಸ್ತಕ ಅದು. ಹಳೆಯದು ಕೆಲವೇ ಪುಟ, ಹೊಸ ಕರಡು ನೂರು ಪುಟ ದಾಟಿತ್ತು. ಖಾಲಿ ಹಲಗೆಯ ಮಾತು ಬಂದ ಕಡೆ ಹೀಗಿತ್ತು: ಕೊನೆಯದು ಮೊದಲನೆಯದಕ್ಕಿಂತ ಒಂದು ಕಡಿಮೆಯಿರತಕ್ಕದ್ದು, ಮೂರು ಸೊನ್ನೆ ಹೇಳತಕ್ಕದ್ದಲ್ಲ. ಮೂವತ್ತೊಂದು ಜನರ ಕೈಯಿಂದ ಹಲಗೆಯನ್ನು ಕಿತ್ತುಕೊಳ್ಳಲು ಆ ಒಂದು ಸಾಲು ಸಾಕಾಗಿತ್ತು.

ಇದನ್ನು ಬರೆಯುವವರು ಯಾರು? ಒಂದು ಸಮಿತಿ. ಸದಸ್ಯರು ಯಾರು? ಇಲ್ಲೇ ತಂತಿಯಕ್ಕ ಕಣ್ಣು ಕಣ್ಣು ಬಿಟ್ಟದ್ದು. ಸದಸ್ಯರೆಂಬವರೇ ಇರಲಿಲ್ಲ. ಒಂದು ಈಮೇಲ್ ಪಟ್ಟಿಯಿತ್ತು. ಅದಕ್ಕೆ ಹೆಸರು ಸೇರಿಸಿಕೊಂಡವರೆಲ್ಲರೂ ಸಮಿತಿಯೇ. ಶುಲ್ಕವಿಲ್ಲ, ಪದವಿ ಕೇಳುವುದಿಲ್ಲ, ಶಿಫಾರಸು ಬೇಡ. ಬೀದಿಯ ನಲ್ಲಿ ರಿಪೇರಿಗೆ ಅರ್ಜಿ ಹಾಕುವುದಕ್ಕೂ ಇದಕ್ಕಿಂತ ಹೆಚ್ಚು ಸಹಿ ಬೇಕಾಗುತ್ತದೆ.

ಅವಳು ಹೆಸರು ಸೇರಿಸಿದಳು, ಬಾಯಿಗೆ ಬೀಗ ಹಾಕಿಕೊಂಡು ನಾಲ್ಕು ತಿಂಗಳು ಓದಿದಳು. ಆರು ವರ್ಷದ ಹಳೆಯ ಪತ್ರಗಳೆಲ್ಲ ಅಲ್ಲಿದ್ದವು, ಯಾರು ಯಾವತ್ತು ಏನು ಹೇಳಿದರೆಂದು ಒಂದಕ್ಷರ ಬಿಡದೆ. ದಿನವೂ ಬೆಳಿಗ್ಗೆ ಸರ್ವರಿನ ಧೂಳು ಒರೆಸಿ ಓದಲು ಕುಳಿತರೆ ಊಟದ ಹೊತ್ತು ಗೊತ್ತಾಗುತ್ತಿರಲಿಲ್ಲ. ಸಾಲೊಂದು ಚುಕ್ಕಿಯಿಂದ ಶುರುವಾದರೆ ಏನು ಮಾಡಬೇಕು ಎಂದು ಹತ್ತೊಂಬತ್ತು ಪತ್ರ. ಉತ್ತರ ಬರುವ ಮುಂಚೆಯೇ ತಂತಿ ಕಡಿದರೆ ಯಾರ ಮಾತು ನಿಂತಿತು ಎಂದು ಎರಡು ತಿಂಗಳು. ಇವರಿಗೆ ಇದಕ್ಕೆ ಸಂಬಳ ಕೊಡುವವರು ಯಾರೂ ಇರಲಿಲ್ಲ. ಮಾಡಿ ಮುಗಿಸಿದ ಮೇಲೆ ಇದನ್ನು ಮಾರುವ ಹಾಗೂ ಇರಲಿಲ್ಲ. ಇಂಥ ಸರಕನ್ನು ಇಷ್ಟು ಮುತುವರ್ಜಿಯಿಂದ ತಯಾರಿಸುವ ಜನ ಲೋಕದಲ್ಲಿದ್ದಾರೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಒಂದು ದಿನ ಒಂದು ಪತ್ರದ ಮುಂದೆ ಅವಳ ಕೈ ನಿಂತುಹೋಯಿತು. ವರ್ಷಗಟ್ಟಲೆ ವಾದ ಮಾಡಿದ ಒಬ್ಬರು ಬರೆದಿದ್ದರು: 'ಮತ್ತೆ ಪರೀಕ್ಷೆ ಮಾಡಿ ನೋಡಿದೆ. ನೀವು ಹೇಳಿದ್ದೇ ಸರಿ, ನನ್ನದು ತಪ್ಪು.' ತಂತಿಯಕ್ಕ ಹದಿನಾರು ವರ್ಷ ಜನರ ಮಾತಿಗೆ ತಂತಿ ಚುಚ್ಚಿದವಳು. ಕದ್ದು ಕೇಳುವ ಚಾಳಿ ಅವಳಿಗಿರಲಿಲ್ಲ, ಹಾಗೆಂದು ಅವಳೇ ಹೇಳುತ್ತಾಳೆ. ಆದರೂ ಅಷ್ಟು ವರ್ಷದಲ್ಲಿ ಆ ವಾಕ್ಯ ಒಮ್ಮೆಯೂ ಕಿವಿಗೆ ಬಿದ್ದಿರಲಿಲ್ಲ.

ಪಟ್ಟಿಯಲ್ಲಿ ಇಬ್ಬರ ದನಿ ಎದ್ದು ಕೇಳುತ್ತಿತ್ತು. ಒಬ್ಬರು ಕರಡನ್ನು ಬರೆಯುವವರು, ಹಗಲು ಯಾವುದೋ ಆಸ್ಪತ್ರೆಯ ಯಂತ್ರ ನೋಡಿಕೊಳ್ಳುತ್ತಿದ್ದರು. ಅವರಿಗೆ ಅವಳ ಗಂಡ ಕರಡಪ್ಪ ಎಂದು ಹೆಸರಿಟ್ಟ. ಇನ್ನೊಬ್ಬರು ಯಾವುದಕ್ಕೂ ಒಂದೇ ದಾರಿಯಿರಬೇಕು ಎಂದು ಪಟ್ಟು ಹಿಡಿಯುವವರು. ಅವರು ಒಂದೇದಾರಿ ಸಾಹೇಬರಾದರು. ಸೊನ್ನೆಯನ್ನು ನಿಷೇಧಿಸಿದ್ದು ಇವರೇ. ಅವರ ವಾದದಲ್ಲಿ ತಪ್ಪು ಹುಡುಕಲು ತಂತಿಯಕ್ಕ ಬಹಳ ಪಾಡುಪಟ್ಟಳು, ಸಿಗಲಿಲ್ಲ. ಸೊನ್ನೆ ಹೇಳುವ ಯಂತ್ರ ತನ್ನ ಎಣಿಕೆಯನ್ನು ಮರೆಯಬಹುದು, ಮರೆತರೆ ಹೊಸ ಬರಹ ಯಾರಿಗೂ ಕಾಣುವುದಿಲ್ಲ ಎಂದು ಅವರು ಬರೆದಿದ್ದರು. ಅದು ನಿಜವೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಇರಲಿಲ್ಲ.

ಇದರ ಮೇಲೆ ಕರಡಪ್ಪನವರ ಒಂದು ಪತ್ರ ಬಂತು. ಬೇರೆ ಬೇರೆ ಊರಿನ ಸರ್ವರುಗಳನ್ನು ಪರೀಕ್ಷೆ ಮಾಡುತ್ತಿದ್ದಾಗ ಒಂದು ಸಿಕ್ಕಿತಂತೆ. ಅದರ ತಂತ್ರಾಂಶ ಸೊನ್ನೆ ಹೇಳುವುದೇ ಇಲ್ಲ, ಆದರೂ ಈ ಯಂತ್ರ ಹೇಳುತ್ತಿದೆ. ಯಾರದೋ ತಿಳಿಯದು, ಯಾರದಾದರೂ ದಯವಿಟ್ಟು ಸರಿಪಡಿಸಿಕೊಳ್ಳಿ. ಕೆಳಗೆ ಯಂತ್ರದ ವಿಳಾಸ. ತಂತಿಯಕ್ಕನ ಕಿವಿ ಬಿಸಿಯಾಯಿತು. ಮದುವೆಮನೆಯಲ್ಲಿ ಚಮಚ ಜೇಬಿಗಿಳಿಸಿ ಸಿಕ್ಕಿಬಿದ್ದವರ ಹಾಗೆ ಕೋಣೆಯಲ್ಲಿ ಯಾರಾದರೂ ಇದ್ದಾರೆಯೇ ಎಂದು ತಿರುಗಿ ನೋಡಿದಳು.

ಮನೆಯಲ್ಲಿ ಹೇಳಿದಾಗ ಗಂಡ ಬೀಗದ ಸ್ಪ್ರಿಂಗನ್ನು ಚಿಮಟದಲ್ಲಿ ಹಿಡಿದುಕೊಂಡೇ ಕೇಳಿದ.

"ಸುಮ್ನಿದ್ರೆ ಏನಾಗುತ್ತೆ?"

"ನನಗೇನೂ ಆಗಲ್ಲ ರೀ. ಅವರಿಗೆ ಹಲಗೆ ಹೋಗುತ್ತೆ."

"ಹಾಗಾದ್ರೆ ನನ್ನನ್ಯಾಕೆ ಕೇಳ್ತೀಯ? ಬರಿ."

ಮೂರು ದಿನ ತಿದ್ದಿ ತಿದ್ದಿ ಬರೆದಳು. ಆ ಸರ್ವರ್ ನನ್ನದು. ಗೊತ್ತಿದ್ದೇ ಹಾಗೆ ಮಾಡಿದ್ದೇನೆ. ಓದುವ ಪ್ರೋಗ್ರಾಮು ಬರೆದವರು ಈಗಿಲ್ಲ, ಮೂಲವೂ ಇಲ್ಲ, ನಂಬಿಕೊಂಡವರು ಮೂವತ್ತೊಂದು ಜನ. ಕಳಿಸಿದ ಮೇಲೆ ಯಂತ್ರದ ಮುಂದಿನಿಂದ ಎದ್ದು ಹೋಗಿ ಓದುವ ಕೋಣೆಯ ಕುರ್ಚಿಗಳನ್ನೆಲ್ಲ ಒರೆಸಿದಳು, ಮೊದಲೇ ಒರೆಸಿದ್ದ ಕುರ್ಚಿಗಳನ್ನು. ವಾಪಸು ಬಂದಾಗ ಕರಡಪ್ಪನವರ ಉತ್ತರ ಬಂದಿತ್ತು. ನೀವು ಯಾರು, ಎಲ್ಲಿ ಓದಿದಿರಿ ಎಂದು ಒಂದು ಮಾತಿಲ್ಲ. ಒಂಬತ್ತು ಪ್ರಶ್ನೆ, ಒಂಬತ್ತೂ ಸೊನ್ನೆಯ ಬಗ್ಗೆ. ಆಸ್ಪತ್ರೆಯ ದೊಡ್ಡ ಡಾಕ್ಟರು ತನ್ನ ನಾಡಿ ಹಿಡಿದು ಕುಳಿತ ಹಾಗೆನಿಸಿತು ಅವಳಿಗೆ.

ಮೂವತ್ತೊಂದು ಬಹಳ ಸಣ್ಣ ಸಂಖ್ಯೆ ಎಂದು ಯಾರೋ ಬರೆದರು. ಕರಡಪ್ಪನವರು ಅದಕ್ಕೆ ವಾದ ಹೂಡಲಿಲ್ಲ. ಇನ್ನೂರು ಸರ್ವರುಗಳನ್ನು ಒಂದೊಂದಾಗಿ ಮಾತಾಡಿಸಿ ಬಂದರು, ಅದಕ್ಕೆ ಐದು ವಾರ ಹಿಡಿಯಿತು. ಹನ್ನೊಂದು ಯಂತ್ರಗಳು ಸೊನ್ನೆ ಹೇಳುತ್ತಿದ್ದವು. ಇನ್ನೂ ಏಳು ಯಂತ್ರಗಳು ಮೂರನೆಯದೊಂದು ದಾರಿ ಹಿಡಿದಿದ್ದವು: ಹಲಗೆ ಖಾಲಿಯಾದರೂ ಹಳೆಯ ಮೊದಲು-ಕೊನೆಯನ್ನೇ ಹೇಳಿಕೊಂಡು ಕೂರುವುದು, ಮನೆ ಖಾಲಿ ಮಾಡಿದವರು ಬಾಗಿಲ ಮೇಲಿನ ಹೆಸರು ತೆಗೆಯದ ಹಾಗೆ. ಪ್ರತಿಯೊಂದರ ಹಿಂದೆಯೂ ಯಾರೋ ಇರಬಹುದು ಎಂದು ಅವರು ಬರೆದರು, ಅಷ್ಟೇ ಬರೆದರು. ಏನೂ ಇಲ್ಲ ಎಂಬುದನ್ನು ಹೇಗೆ ಹೇಳಬೇಕು ಎಂಬ ಚರ್ಚೆ ಎಂಟು ತಿಂಗಳು ನಡೆಯಿತು. ಕೊನೆಗೆ ಬಂದರಿನ ಊರಿನಲ್ಲಿ ಸಭೆ ಸೇರುವುದೆಂದಾಯಿತು. ಯಾರು ಬೇಕಾದರೂ ಬರಬಹುದು.

"ನಾನೂ ಬರ್ತೀನಿ," ಎಂದರು ತಕ್ಕಡಿ ಅಜ್ಜ. ಮೂವತ್ತೊಂದರಲ್ಲಿ ಒಂದನ್ನಾದರೂ ಅವರು ಕಣ್ಣಾರೆ ನೋಡಲಿ ಎಂದರು, ತಮ್ಮ ಮಾತಿಗೆ ತಾವೇ ನಕ್ಕರು. ಬೆಳಗಿನ ರೈಲು ಹತ್ತಿಸಲು ಬಂದ ಬೀಗದವನು, ಲೋಕದಲ್ಲಿ ಸೊನ್ನೆ ತರಲು ಟಿಕೆಟ್ ತೆಗೆಸಿದ ಮೊದಲ ಹೆಂಗಸು ತನ್ನ ಹೆಂಡತಿಯೇ ಇರಬೇಕೆಂದು ಅಕ್ಕಪಕ್ಕದ ಸೀಟಿನವರಿಗೆಲ್ಲ ಪರಿಚಯ ಮಾಡಿಕೊಟ್ಟ.

ಸಭೆಯ ಹಾಲು ದೊಡ್ಡದೇನಲ್ಲ. ಕಾಲು ಅಲುಗುವ ಕುರ್ಚಿಗಳು, ನೆಲದ ಮೇಲೆ ಹರಿದಾಡುವ ವೈರುಗಳು, ಐವತ್ತು ಜನ. ಒಂದೇದಾರಿ ಸಾಹೇಬರು ಹುರಿಮೀಸೆಯ ಭಾರಿ ಆಳಿರಬೇಕೆಂದು ತಂತಿಯಕ್ಕ ಎಣಿಸಿದ್ದಳು. ನೋಡಿದರೆ ಮೊಣಕೈಗೆ ತೇಪೆ ಹಾಕಿದ ಸ್ವೆಟರಿನ ಸಣ್ಣಗಿನ ಮನುಷ್ಯ. ಅವರೇ ಎದ್ದು ಬಂದು ಅಜ್ಜನಿಗೆ ಕುರ್ಚಿ ಹಾಕಿಕೊಟ್ಟರು. ಈ ಕೈಗಳು, ಈ ತೇಪೆಗಳು, ಸಮುದ್ರದಾಚೆಯವರೆಗೆ ಕೋಟ್ಯಂತರ ಮಾತು ದಾಟುವ ದಾರಿಯನ್ನು ಹಾಸುತ್ತ ಕುಳಿತಿವೆ ಎಂದು ನೆನೆದು ಅವಳ ಮೈ ಜುಮ್ಮೆಂದಿತು. ಅರಮನೆ ನೋಡಿದಾಗಲೂ ಅವಳಿಗೆ ಹಾಗಾಗಿರಲಿಲ್ಲ.

ಎರಡೂ ಕಡೆಯ ಮಾತು ಮುಗಿಯಿತು. ಅಧ್ಯಕ್ಷರು ಎದ್ದು, ಈಗ ಕೇಳೋಣ ಎಂದರು. ಮತ ಹಾಕುವುದು ಇಲ್ಲಿಯ ಪದ್ಧತಿಯಲ್ಲ. ಸದಸ್ಯರೇ ಇಲ್ಲದ ಮೇಲೆ ಮತ ಎಣಿಸುವುದು ಹೇಗೆ? ಕೈ ಎತ್ತಿಸುವುದೂ ಇಲ್ಲ, ಯಾರು ಎತ್ತಿದರೆಂದು ನೋಡಿ ಉಳಿದವರು ಎತ್ತುತ್ತಾರೆ. ಒಪ್ಪಿಗೆಯಿದ್ದವರು ಬಾಯಿ ಮುಚ್ಚಿಕೊಂಡು ಗುಂಯ್‌ಗುಡಬೇಕು. ಯಾವ ಕಡೆಯ ಗುನುಗು ಗಟ್ಟಿಯೋ ಅದನ್ನು ಅಧ್ಯಕ್ಷರು ಕಿವಿಯಿಂದ ತೂಗುತ್ತಾರೆ.

ಅಜ್ಜ ತಂತಿಯಕ್ಕನ ಕಡೆಗೆ ಬಾಗಿದರು. "ನಿಜವಾಗ್ಲೂ ಹಾಗೇನಾ ಮಾಡೋದು?"

"ಹೂಂ ಅಜ್ಜ."

"ಪರವಾಗಿಲ್ಲ ಮಗಳೇ. ನಾವು ಸರಿಯಾದ ಅಂಗಡಿಗೇ ಬಂದಿದೀವಿ."

ಒಂದೇ ದಾರಿ ಸಾಕು ಎನ್ನುವವರು ಗುನುಗಿದರು. ಜೇನುಗೂಡಿನ ಪಕ್ಕ ಕಿವಿಯಿಟ್ಟ ಹಾಗಾಯಿತು, ನೆಲದಿಂದ ಎದ್ದು ಬಂದಂಥ ದನಿ. ಸೊನ್ನೆಯೂ ಇರಲಿ ಎನ್ನುವವರ ಸರದಿ ಬಂತು. ತಂತಿಯಕ್ಕನಿಗೆ ಗಂಟಲು ಒಣಗಿ ದನಿಯೇ ಹೊರಡಲಿಲ್ಲ; ಪಕ್ಕದಲ್ಲಿ ಅಜ್ಜ ಇಬ್ಬರ ಪಾಲನ್ನೂ ಸೇರಿಸಿ ಗುನುಗಿದರು. ಹಾಲು ಮತ್ತೆ ಗುಂಯ್ ಎಂದಿತು. ಯಾವುದು ಹೆಚ್ಚು? ಅವಳಿಗೆ ತಿಳಿಯಲಿಲ್ಲ. ಅಧ್ಯಕ್ಷರು ಕಣ್ಣು ಮುಚ್ಚಿಕೊಂಡು ನಿಂತಿದ್ದರು.

"ನನಗೂ ಗೊತ್ತಾಗ್ಲಿಲ್ಲ," ಎಂದರು ಅವರು. "ಅಂದರೆ ನಾವಿನ್ನೂ ಒಪ್ಪಿಲ್ಲ ಅಂತ ಅರ್ಥ. ಬೇರೆ ಥರ ಕೇಳ್ತೀನಿ. ಯಾರಿಗೆ ಯಾವುದು ಇದ್ರೆ ತಡ್ಕೊಳ್ಳೋಕೆ ಆಗೋದೇ ಇಲ್ಲ? ಅದನ್ನ ಹೇಳಿ."

ಒಂದೇದಾರಿ ಸಾಹೇಬರು ಎದ್ದರು. ಸೊನ್ನೆಯ ಮೇಲೆ ತಮಗೆ ಹಗೆಯಿಲ್ಲ, ಎಣಿಕೆ ಮರೆತ ಯಂತ್ರದಿಂದ ಜನರ ಮಾತು ಕಳೆದುಹೋಗುತ್ತದೆ, ಅದನ್ನು ಮಾತ್ರ ತಡೆದುಕೊಳ್ಳಲಾರೆ ಎಂದರು. ಆಮೇಲೆ ತಂತಿಯಕ್ಕನ ಕಡೆ ತಿರುಗಿ ನೇರವಾಗಿ ಕೇಳಿದರು. "ನಿಮ್ಮ ಯಂತ್ರ ಯಾವತ್ತಾದ್ರೂ ಹಿಂದಕ್ಕೆ ಎಣಿಸಿದೆಯಾ?"

ಇಲ್ಲ ಎಂದರೆ ಮುಗಿಯುತ್ತಿತ್ತು. ಪರೀಕ್ಷೆಯಲ್ಲಿ ಸಿಕ್ಕಿರಲಿಲ್ಲ, ಪತ್ರಗಳಲ್ಲೂ ಇರಲಿಲ್ಲ. ಅದನ್ನು ಬಲ್ಲವರು ಆ ಹಾಲಿನಲ್ಲಿ ಇಬ್ಬರೇ, ಇನ್ನೊಬ್ಬರು ಬಾಯಿ ಬಿಡುವವರಲ್ಲ. ತಂತಿಯಕ್ಕ ಎದ್ದು ನಿಂತಳು. ಎದುರಿಗಿದ್ದವರು ಆರು ವರ್ಷದಿಂದ ತಮ್ಮ ತಪ್ಪುಗಳನ್ನು ಎಲ್ಲರ ಮುಂದೆ ಬರೆದಿಟ್ಟವರು. ಅವಳು ಆ ಪತ್ರಗಳನ್ನೆಲ್ಲ ಓದಿದ್ದಳು.

"ಎಣಿಸಿದೆ," ಎಂದಳು. "ನಾನು ಬರೆದ ಸಾಲಿಂದ್ಲೇ. ಈ ಅಜ್ಜನ ಹೆಂಡತಿ ತೀರಿಕೊಂಡ್ರು ಅನ್ನೋ ಸುದ್ದಿ ಮೂರು ವಾರ ಯಾರಿಗೂ ಓದೋಕೆ ಸಿಗ್ಲಿಲ್ಲ. ಆಮೇಲೆ ಸರಿಮಾಡಿದೆ. ಈಗ ಅದು ಸೊನ್ನೆ ಅಂತ ಹೇಳುತ್ತೆ, ಆದ್ರೆ ಮರೆಯಲ್ಲ. ಮುಂದಿಂದು ನೂರ ಹದಿಮೂರೇ."

ಕೇಸು ತಾನೇ ಕೆಡಿಸಿಕೊಂಡೆ ಎಂದುಕೊಂಡಳು. ಒಂದೇದಾರಿ ಸಾಹೇಬರು ಸ್ವೆಟರಿನ ತೇಪೆಯನ್ನು ಉಜ್ಜಿಕೊಳ್ಳುತ್ತ ಅಜ್ಜನನ್ನೇ ನೋಡುತ್ತಿದ್ದರು. ಅಜ್ಜ ಸಾಹೇಬರ ದನಿ ಬಂದಿದ್ದ ಕಡೆಗೆ ಮುಖ ಮಾಡಿ, ಹೌದು ಎನ್ನುವಂತೆ ತಲೆಯಾಡಿಸಿದರು.

"ಹಾಗಾದ್ರೆ ನಾವು ಇಷ್ಟು ದಿನ ತಪ್ಪು ಸಾಲನ್ನ ಹಿಡ್ಕೊಂಡು ಎಳೆದಾಡಿದೀವಿ," ಎಂದರು ಸಾಹೇಬರು. "ಸೊನ್ನೆ ಹೇಳಬಾರದು ಅಂತ ಬರೆಯೋದಲ್ಲ. ಏನೇ ಹೇಳ್ಲಿ, ಎಣಿಕೆ ಹಿಂದಕ್ಕೆ ಹೋಗಬಾರದು ಅಂತ ಬರೀಬೇಕು. ಅದಿದ್ರೆ ನಾನು ಸೊನ್ನೇನ ತಡ್ಕೋತೀನಿ."

ಕರಡಪ್ಪನವರು ಆಗಲೇ ಬರೆಯುತ್ತಿದ್ದರು. ಮತ್ತೊಮ್ಮೆ ಗುನುಗಿಸಿದರು. ಈ ಸಲ ಕಿವಿಯಿಂದ ತೂಗುವ ಅಗತ್ಯ ಬೀಳಲಿಲ್ಲ, ಕಿಟಕಿಯ ಗಾಜು ಅದುರಿತು. ಅದೇ ಗುನುಗಿನಲ್ಲಿ ತಂತಿಯಕ್ಕನ ಗಂಟಲೂ ಬಿಟ್ಟುಕೊಂಡಿತು.

ಅಲ್ಲಿಗೂ ಮುಗಿಯಲಿಲ್ಲ. ಹಾಲಿಗೆ ಬರಲಾಗದವರಿಗೆ ಅನ್ಯಾಯವಾಗಬಾರದೆಂದು ಆ ಒಪ್ಪಂದವನ್ನು ಮತ್ತೆ ಪಟ್ಟಿಗೆ ಹಾಕಿ ಎರಡು ವಾರ ಕಾದರು. ದ್ವೀಪವೊಂದರಿಂದ ಯಾರೋ ಒಂದು ಪದ ತಿದ್ದಿಸಿದರು. ಪುಸ್ತಕದ ಉಳಿದ ಮೂಲೆಗಳಿಗೆಲ್ಲ ದೀಪ ಹಿಡಿದು ನೋಡುವಷ್ಟರಲ್ಲಿ ಇನ್ನೂ ಎರಡು ವರ್ಷ ಕಳೆಯಿತು. ಅಚ್ಚಾಗಿ ಬಂದಾಗ ಅದರಲ್ಲಿ ಖಾಲಿ ಹಲಗೆಗೆ ಮೂರು ಉತ್ತರಗಳಿದ್ದವು. ಮೂರರಲ್ಲಿ ಯಾವುದನ್ನು ಹೇಳಿದರೂ ಕೇಳುವವರು ಅರ್ಥಮಾಡಿಕೊಳ್ಳತಕ್ಕದ್ದು, ಹೇಳುವವರು ಎಣಿಕೆಯನ್ನು ಹಿಂದಕ್ಕೆ ಒಯ್ಯತಕ್ಕದ್ದಲ್ಲ. ಯಾರ ಸಲುವಾಗಿ, ಯಾಕೆ ಎಂದು ಒಂದಕ್ಷರವೂ ಇರಲಿಲ್ಲ. ತಂತಿಯಕ್ಕ ಅದನ್ನು ಗುತ್ತಿಗೆದಾರರ ಮುಂದೆ ಇಟ್ಟು, ಸಾಲಿನ ಮೇಲೆ ಬೆರಳಿಟ್ಟಳು. ಅವರು ಓದಿದರು, ಅವಳನ್ನು ನೋಡಿದರು, ಮತ್ತೆ ಓದಿದರು. ಮಾತು ಕೊಟ್ಟಂತೆಯೇ ಮಾಡಿಕೊಟ್ಟರು.

ಹೊಸ ಸರ್ವರಿಗೆ ಸೇರಿದ ಮೇಲೆ ಮೊದಲ ರಜೆ ಬಂತು. ಹಲಗೆ ಖಾಲಿಯಾಗುವ ದಿನವನ್ನು ತಂತಿಯಕ್ಕ ಲೆಕ್ಕ ಹಾಕಿ ಹೇಳಿದ್ದಳು. ಆ ಮಧ್ಯಾಹ್ನ ಓದುವ ಕೋಣೆಯಲ್ಲಿ ಕುರ್ಚಿ ಸಾಲಲಿಲ್ಲ. ಕಾಯಿಲೆಯಿಂದ ಮಲಗಿದ್ದ ಇಬ್ಬರನ್ನು ಬಿಟ್ಟು ಎಲ್ಲರೂ ಬಂದಿದ್ದರು, ಇಪ್ಪತ್ತೊಂಬತ್ತು ಜನ, ಕೋಲುಗಳನ್ನು ಗೋಡೆಗೆ ಒರಗಿಸಿ, ಏನೂ ಇಲ್ಲವೆಂಬುದನ್ನು ಕೇಳುವುದಕ್ಕೆ. ಕೀಲಿ ಒತ್ತಿದವರು ಅಜ್ಜ.

'ಏನೂ ಇಲ್ಲ' ಎಂದಿತು ತಗಡಿನ ದನಿ.

ಅಷ್ಟು ಜನ ಅಷ್ಟು ಸಂತೋಷದಿಂದ ಸುಮ್ಮನೆ ಕುಳಿತದ್ದನ್ನು ತಂತಿಯಕ್ಕ ಮೊದಲ ಸಲ ನೋಡಿದಳು. ಆಮೇಲೆ ಅಜ್ಜ ಕೀಲಿಗಳನ್ನು ಬೆರಳಿನಿಂದ ಹುಡುಕಿಕೊಂಡು ಹಲಗೆಗೆ ಒಂದು ಸಾಲು ಬರೆದರು: ಎಲ್ಲರೂ ಇದ್ದೀರಾ? ಗುಡಿಸಿ ಹೋಗಿದ್ದ ಕೊನೆಯ ಬರಹದ ಸಂಖ್ಯೆ ಎರಡು ಸಾವಿರದ ನಾನೂರ ಆರು. ಇದು ಎಷ್ಟಾಯಿತೆಂದು ಅವರು ಕೇಳಿದರು.

"ಎರಡು ಸಾವಿರದ ನಾನೂರ ಏಳು ಅಜ್ಜ."

"ಸರಿಯಾಗಿದೆ," ಎಂದರು ತಕ್ಕಡಿ ಅಜ್ಜ, ಮತ್ತು ಇಪ್ಪತ್ತೆಂಟು ಜನ ಉತ್ತರ ಬರೆಯಲು ಒಂದೇ ಸಲ ಎದ್ದು ಯಂತ್ರದ ಕಡೆಗೆ ನಡೆದರು.